ಮಗಳಿಗೆ ಸಿಕ್ಕ ಸಮಾಧಾನ

ಶೈಲಶ್ರೀಗೆ ತನ್ನ ಮಗಳ ಮೇಲೆ ಹೊಟ್ಟೆಕಿಚ್ಚು ಹುಟ್ಟಿದ್ದು ಒಂದು ತಂಬಿಗೆ ನೀರಿನಿಂದ.

ಚಿಕ್ಕೇರೂರಿನ ಮನೆಯ ಪಡಸಾಲೆಯಲ್ಲಿ ಅತ್ತೆ ವೀರವ್ವ ಕಾಲು ಚಾಚಿ ಕುಳಿತಿದ್ದಳು. ನಾಲ್ಕನೆಯ ಇಯತ್ತೆಯ ಮೊಮ್ಮಗಳು ಅಂಕಿತಾ ಎದುರಿಗೆ ಒಂಟಿಗಾಲಲ್ಲಿ ಕುಣಿಯುತ್ತಿದ್ದಳು. ವೀರವ್ವ ಅವಳ ಎರಡೂ ಕೈ ಹಿಡಿದು, ಮುಖ ತನ್ನತ್ತ ತಿರುಗಿಸಿಕೊಂಡು ನಿಧಾನವಾಗಿ ಹೇಳಿದಳು.

“ಇಲ್ಲಿ ನೋಡ ಕೂಸ. ಒಂದ ತಂಬಿಗಿ ನೀರ ತಗೊಂಡ ಬಾ. ಅಷ್ಟ. ಮುಂದಿಂದು ನೀ ಬಂದ ಮ್ಯಾಲೆ ಹೇಳ್ತೇನಿ.”

ಅಂಕಿತಾ ಹೋದಳು, ತಂದಳು. ಅರ್ಧ ನೀರು ಹಾದಿಯಲ್ಲೇ ಚೆಲ್ಲಿತ್ತು. ವೀರವ್ವ ಉಳಿದದ್ದನ್ನು ಕುಡಿದು, “ಶಾಣ್ಯಾಕಿ” ಎಂದು ಅವಳ ಬೆನ್ನು ಸವರಿದಳು.

ಅಡುಗೆಮನೆಯ ಹೊಸ್ತಿಲಲ್ಲಿ ಹಿಟ್ಟಿನ ಕೈಯಲ್ಲಿ ನಿಂತು ಶೈಲಶ್ರೀ ಇದನ್ನು ನೋಡಿದಳು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಈ ಬಾಯಿ ತನಗೆ ಒಂದು ಸಲಕ್ಕೆ ಒಂದೇ ಮಾತು ಹೇಳಿದ್ದು ಅವಳಿಗೆ ನೆನಪಿರಲಿಲ್ಲ. ಬೆಳಗಾದರೆ ಮಾತು ಮೂಟೆ ಬಿಚ್ಚಿದಂತೆ ಸುರಿಯುತ್ತಿತ್ತು. ಹಿಟ್ಟು ನಾದು, ಆಕಳಿಗೆ ನೀರಿಡು, ಶೇಂಗಾ ಒಣಹಾಕು, ಬರುವಾಗ ಬಾಗಿಲು ಮುಚ್ಚು. ಅದರಲ್ಲಿ ಒಂದು ಕೈಗೆ ಸಿಗುವಷ್ಟರಲ್ಲಿ ಉಳಿದವು ಎಲ್ಲೋ ಉರುಳಿ ಹೋಗಿರುತ್ತಿದ್ದವು.

“ರೊಟ್ಟಿ ಸುಟ್ಟ ವಾಸನಿ ಬಂತಲ್ಲ,” ವೀರವ್ವ ಒಳಗೆ ಕೇಳುವಂತೆ ಅಂದಳು. “ಎಲ್ಲೈತಿ ನಿನ್ನ ಚಿತ್ತಾ?”

ಆ ಧ್ವನಿಯೇ ಬೇರೆ. ಅದು ಶೈಲಶ್ರೀಯ ಪಾಲಿಗೆ ಮೀಸಲಾಗಿದ್ದ ಧ್ವನಿ.

ಅಂಕಿತಾಳ ಪಾಲಿನ ಧ್ವನಿ ಹೀಗೆ ಮೆತ್ತಗಾದದ್ದು ಆ ವರ್ಷದ ಶ್ರಾವಣದಲ್ಲಿ. ಅದಕ್ಕೂ ಮೊದಲು ಶಾಲೆಯಿಂದ ದೂರು ಬರದ ವಾರವಿರಲಿಲ್ಲ. ಹುಡುಗಿಯ ಬುದ್ಧಿ ಚುರುಕು, ಆದರೆ ಕುಳಿತಲ್ಲಿ ಕುಳಿತಿರುವುದಿಲ್ಲ. ಲೆಕ್ಕದ ನಡುವೆ ಎದ್ದು ಕಿಟಕಿಗೆ ಹೋಗುತ್ತಾಳೆ. ಒಂದು ಚಪ್ಪಲಿ ಹಾಕಿಕೊಂಡು ಇನ್ನೊಂದನ್ನು ಶಾಲೆಯಲ್ಲೇ ಬಿಟ್ಟು ಬರುತ್ತಾಳೆ. ವೀರವ್ವ ಹುಲಗೂರಿನ ದರ್ಗಾಕ್ಕೆ ಕರೆದೊಯ್ದು ತೋಳಿಗೆ ದಾರ ಕಟ್ಟಿಸಿದಳು. ದಾರವನ್ನೂ ಅಂಕಿತಾ ಎಲ್ಲೋ ಕಳೆದಳು. ಕೊನೆಗೆ ಶಾಲೆಯ ಅಕ್ಕೋರು, ಹುಬ್ಬಳ್ಳಿಯಿಂದ ಹಾನಗಲ್ಲಿಗೆ ಆಗಾಗ ಬಂದು ಕೂಡುವ ಮನೋವೈದ್ಯೆಯೊಬ್ಬರಿಗೆ ತೋರಿಸಲು ಹೇಳಿದರು. ಹಾನಗಲ್ಲು ಶೈಲಶ್ರೀಯ ತವರು. ಅತ್ತೆ, ಸೊಸೆ, ಮಗಳು ಮೂವರೂ ಬಸ್ಸು ಹತ್ತಿದರು.

ಡಾಕ್ಟರು ಬಹಳ ಹೊತ್ತು ಮಗುವಿನೊಡನೆ ಆಡಿದರು, ಶಾಲೆಯವರಿಗೆ ಫೋನ್ ಮಾಡಿದರು, ಆಮೇಲೆ ವೀರವ್ವನಿಗೆ ಹೇಳಿದರು.

“ಇದಕ್ಕ ಎಡಿಎಚ್‌ಡಿ ಅಂತಾರ್ರಿ. ಗಮನ ಒಂದ ಕಡೆ ನಿಲ್ಲಿಸೋದು ಈ ಕೂಸಿಗೆ ಭಾಳ ಕಷ್ಟ. ಬೇಕಂತ ಮಾಡಾಕತ್ತಿಲ್ಲ. ನೀವು ಬೆಳೆಸಿದ್ದರಾಗೂ ತಪ್ಪಿಲ್ಲ. ಬೈದ್ರ, ಹೊಡೆದ್ರ ಕಡಿಮಿ ಆಗೂದಿಲ್ಲ.”

“ಮತ್ತ ಏನ ಮಾಡೂದ್ರಿ?” ವೀರವ್ವ ಕೇಳಿದಳು.

“ಒಂದ ಸಲಕ್ಕ ಒಂದ ಮಾತ ಹೇಳ್ರಿ. ದೊಡ್ಡ ಕೆಲಸ ಇದ್ರ ತುಂಡ ಮಾಡಿ ಕೊಡ್ರಿ. ನಡುವ ಸ್ವಲ್ಪ ಜಿಗಿದಾಡಾಕ ಬಿಡ್ರಿ. ಮಾಡಿದ ಕೂಡ್ಲೇ ಛಲೋ ಮಾಡಿದಿ ಅನ್ರಿ. ಶಾಲ್ಯಾಗ ಮುಂದಿನ ಬೆಂಚಿನ್ಯಾಗ ಕೂಡ್ರಸಾಕ ನಾ ಹೇಳ್ತೇನಿ. ಇಷ್ಟ ಮಾಡಿ ನೋಡೂಣು. ಸಾಲಲಿಲ್ಲಂದ್ರ ಗುಳಿಗಿ ವಿಚಾರ ಮಾಡೂಣು.”

ಆ ಮಾತುಗಳನ್ನು ವೀರವ್ವ ವ್ರತದಂತೆ ಹಿಡಿದಳು. ಓದು ಬಾರದ ಹೆಂಗಸು, ಆದರೆ ಡಾಕ್ಟರು ಹೇಳಿದ್ದರಲ್ಲಿ ಒಂದನ್ನೂ ಬಿಡಲಿಲ್ಲ. ಪಾಟೀಚೀಲಕ್ಕೆ ಬಾಗಿಲ ಬಳಿ ಒಂದೇ ಗೂಟ. ಎರಡು ಲೆಕ್ಕ ಮಾಡಿದರೆ ಅಂಗಳಕ್ಕೊಂದು ಸುತ್ತು. ಊಟಕ್ಕೆ ಕೂತಾಗ ಟಿ.ವಿ. ಬಂದ್. ಮಗುವಿನ ಮುಖದ ಅಂಜಿಕೆ ನಿಧಾನವಾಗಿ ತಿಳಿಯಾಗುತ್ತ ಬಂತು.

ಶೈಲಶ್ರೀ ಅದನ್ನು ಕಂಡು ಹಿಗ್ಗಬೇಕಿತ್ತು. ಹಿಗ್ಗಿದಳು ಕೂಡ. ಆದರೆ ಆ ಹಿಗ್ಗಿನ ಅಡಿಯಲ್ಲಿ ಇನ್ನೊಂದು ಇತ್ತು. ಡಾಕ್ಟರು ಹೇಳಿದ ಒಂದೊಂದು ಲಕ್ಷಣವೂ ಅವಳ ಮೈಮೇಲೆ ಬಂದು ಕೂತಿತ್ತು. ಹಾನಗಲ್ಲಿನ ಶಾಲೆಯಲ್ಲಿ ವರ್ಗದ ಹೊರಗೆ ಗೋಡೆಗೆ ಒರಗಿ ನಿಂತು ಕಳೆದ ಮಧ್ಯಾಹ್ನಗಳು. ಎಲ್ಲ ಗೊತ್ತಿದ್ದೂ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಯ ಹಿಂಬದಿ ತಿರುಗಿಸುವುದನ್ನೇ ಮರೆತದ್ದು. ಬೆರಳ ಗೆಣ್ಣಿನ ಮೇಲೆ ಬಿದ್ದ ಅಪ್ಪನ ಮರದ ಪಟ್ಟಿಯ ಏಟು. ಅವಳು ಅಂಕಿತಾಳಂತೆ ಕುಣಿಯುವ ಹುಡುಗಿಯಾಗಿರಲಿಲ್ಲ. ಸುಮ್ಮನೆ ಕೂತೇ ಎಲ್ಲೋ ಹೋಗಿಬಿಡುತ್ತಿದ್ದಳು. ಹೋದದ್ದು ಯಾರಿಗೂ ಕಾಣುತ್ತಿರಲಿಲ್ಲ, ವಾಪಸು ಬಂದಾಗ ಆಗಿರುತ್ತಿದ್ದ ತಪ್ಪು ಮಾತ್ರ ಕಾಣುತ್ತಿತ್ತು. ಮಗಳಿಗೆ ಡಾಕ್ಟರು ಒಂದು ಹೆಸರು ಕೊಟ್ಟಿದ್ದರು. ಶೈಲಶ್ರೀಗೆ ಸಿಕ್ಕ ಹೆಸರುಗಳು ಬೇರೆ. ತವರಿನಲ್ಲಿ ಮಳ್ಳಿ. ಇಲ್ಲಿ ಅರ್ಧಮರ್ಧ ಶೈಲಾ.

ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು ಪಡುವವರು ಇರುತ್ತಾರೆಯೇ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಕೇಳಿಕೊಂಡರೂ ಅದು ಹೋಗಲಿಲ್ಲ. ಬೆಳಿಗ್ಗೆ ಹೆರಳು ಹಾಕುವಾಗ ಕೈ ಬಿಗಿಯಾಗುತ್ತಿತ್ತು.

“ಅವ್ವ, ನೋಯಾಕತ್ತೈತಿ,” ಅನ್ನುತ್ತಿದ್ದಳು ಅಂಕಿತಾ.

“ಸುಮ್ನ ಕುಂದರು.”

ಆಗ ಒಳಗಿನಿಂದ ವೀರವ್ವ, “ಕುಂದರು ಅಂದ್ರ ಆಕೀಗೆ ಆಗೂದಿಲ್ಲವಾ, ಡಾಕ್ಟ್ರು ಹೇಳ್ಯಾರಲ್ಲ” ಅನ್ನುತ್ತಿದ್ದಳು. ಶೈಲಶ್ರೀ ಹೆರಳಿನ ರಿಬ್ಬನ್ನು ಇನ್ನೊಂದು ಸುತ್ತು ಜಗ್ಗುತ್ತಿದ್ದಳು.

ಹತ್ತಿಯಲ್ಲಿ ಕ್ರಾಸಿಂಗ್ ಶುರುವಾದಾಗ ಈ ಬೇಗೆ ಇನ್ನೂ ಹೆಚ್ಚಿತು. ಅವರದು ಬೀಜದ ಕಂಪನಿಗಾಗಿ ಬೆಳೆಯುವ ಹತ್ತಿ. ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆಯೇ ಗುರುತಿಸಿ, ಹೆಬ್ಬೆರಳಿನ ಉಗುರಿನಿಂದ ಅದರ ಎಸಳನ್ನೂ ಪರಾಗದ ಕಾಳುಗಳನ್ನೂ ಸುಲಿದು ತೆಗೆದು, ಉಳಿದ ಎಳೆ ಕಡ್ಡಿಗೆ ಕೆಂಪು ಕಾಗದದ ಟೊಪ್ಪಿಗೆ ತೊಡಿಸಬೇಕು. ಮರುದಿನ ಬೆಳಿಗ್ಗೆ ಗಂಡು ಗಿಡದ ಹೂ ತಂದು ಆ ಕಡ್ಡಿಗೆ ಸವರಬೇಕು. ಸಂಜೆ ಕಣ್ತಪ್ಪಿದ ಮೊಗ್ಗು ಬೆಳಿಗ್ಗೆ ತಾನಾಗಿ ಅರಳಿ, ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಅಂಥ ಬೀಜ ಬೆರೆತರೆ ಇಡೀ ರಾಶಿ ಕೆಟ್ಟಂತೆ. ಹಾಗಾಗಿ ಪ್ರತಿ ಹೆಂಗಸಿಗೂ ಅವಳವಳ ಸಾಲು. ಸಾಲು ಹಂಚುವವಳು ವೀರವ್ವ. ಶೈಲಶ್ರೀಯ ಗಂಡ ಶರಣು ನೀರು, ಔಷಧ ನೋಡಿಕೊಳ್ಳುತ್ತಿದ್ದ. ಹೂವಿನ ವಿಷಯಕ್ಕೆ ಬಾಯಿ ಹಾಕುತ್ತಿರಲಿಲ್ಲ.

ಶೈಲಶ್ರೀಯ ಕೈ ಆ ಹೊಲದಲ್ಲೇ ಎಲ್ಲರಿಗಿಂತ ಚುರುಕು. ಮೊಗ್ಗು ಸುಲಿಯುವಾಗ ಅವಳ ಉಗುರು ಕಡ್ಡಿಗೆ ತಾಗುತ್ತಲೇ ಇರಲಿಲ್ಲ. ಆದರೆ ಕಣ್ಣು ಜಿಗಿಯುತ್ತಿತ್ತು. ಆಚೆ ಗಿಡದಲ್ಲಿ ದಪ್ಪ ಮೊಗ್ಗೊಂದು ಕಂಡರೆ ಅತ್ತ, ಅಲ್ಲಿಂದ ಹಕ್ಕಿಯೊಂದು ಎದ್ದರೆ ಇತ್ತ. ಹಿಂದಿನ ವರ್ಷ ಕಂಪನಿಯ ಮನುಷ್ಯ ಒಂದು ಬೆಳಿಗ್ಗೆ ಅವಳ ಸಾಲಿನಲ್ಲಿ ಟೊಪ್ಪಿಗೆಯಿಲ್ಲದೆ ಅರಳಿ ನಿಂತ ಹೂಗಳನ್ನು ಕಂಡು, “ಈ ಸಾಲ ಯಾರದ್ರಿ?” ಎಂದು ಎಲ್ಲರೆದುರು ಕೇಳಿದ್ದ. ಅಂದು ಸಂಜೆಯೇ ವೀರವ್ವ ಅವಳ ಕೈಯಿಂದ ಟೊಪ್ಪಿಗೆಯ ಡಬ್ಬಿ ತೆಗೆದುಕೊಂಡಿದ್ದಳು. ಅಲ್ಲಿಂದ ಶೈಲಶ್ರೀ ಚಹಾ ತರುವವಳು, ನೀರು ಹೊರುವವಳು. ಸ್ವಂತ ಹೊಲದಲ್ಲಿ ಅವಳೊಬ್ಬಳಿಗೇ ಸಾಲಿರಲಿಲ್ಲ. ಈ ವರ್ಷ ಅವಳಿಗೆ ಬೇಕಾಗಿದ್ದುದು ಅದೊಂದೇ.

“ಅತ್ತಿ, ಈ ಸರ್ತಿ ನಂಗೂ ಒಂದ ಸಾಲ ಕೊಡ್ರಿ,” ಎಂದು ಕೇಳಿದಳು.

ಪಕ್ಕದ ಸಾಲಿನಲ್ಲಿದ್ದ ಗೌಸಬಿ ನಕ್ಕಳು. ವರ್ಷವೂ ಕ್ರಾಸಿಂಗಿಗೆ ಬರುವ ಹೆಂಗಸು, ನಾಲಿಗೆ ಸಡಿಲ. “ಕೊಡ್ರಿ ಅವ್ವಾರ. ಹಕ್ಕಿ ಎಣಸಾಕ ಒಬ್ಬರ ಬೇಕಲ್ಲ.”

“ನೀರ ಹೊತ್ತರ ಸಾಕವಾ,” ಎಂದಳು ವೀರವ್ವ. ತಲೆ ಎತ್ತಲಿಲ್ಲ.

ಶೈಲಶ್ರೀ ಖಾಲಿ ಕೊಡ ಹೊತ್ತು ಮನೆಗೆ ಬಂದಳು. ಹಿಂದೆಯೇ ವೀರವ್ವನೂ ಸವರಿದ ಹೂವಿಗೆ ಗುರುತು ಕಟ್ಟುವ ದಾರದ ಉಂಡೆಗಾಗಿ ಬಂದಳು. ಅಂಗಳದಲ್ಲಿ ಅಂಕಿತಾ ಲೆಕ್ಕ ಮುಗಿಸಿ ತನ್ನ ಸುತ್ತು ಓಡುತ್ತಿದ್ದಳು. ವೀರವ್ವ ನೋಡುತ್ತಿದ್ದಾಳೆಂದು ಗೊತ್ತಿದ್ದೇ ಶೈಲಶ್ರೀ ಮಗಳನ್ನು ಕರೆದಳು.

“ಅಂಕಿತಾ, ಹಿತ್ತಲದಾಗಿನ ಹಗ್ಗ ತಗೊಂಡ ಬಾ, ಬರೂಮುಂದ ಬಾಗ್ಲಾ ಮುಚ್ಚು, ಕರಿ ಆಕಳಿಗೆ ಹಿಂಡಿ ಇಡು, ಒಣಾಹಾಕಿದ ಅರಿವಿ ತಗಿ, ಗೌಸಬಿ ಡಬ್ಬಿ ಎಲ್ಲೈತಿ ನೋಡು, ಈ ಕೊಡಾ ಒಳಗ ಇಡು. ಲಗೂನ.”

ಮಗು ಓಡಿತು. ನಾಲ್ಕು ಹೆಜ್ಜೆ ಹೋಗಿ ನಿಂತಿತು. ಹಿತ್ತಲ ಕಡೆ ನೋಡಿತು, ಅರಿವೆಯ ಕಡೆ ನೋಡಿತು, ಬೆರಳನ್ನು ತುಟಿಗಿಟ್ಟುಕೊಂಡಿತು. ಕಣ್ಣು ತುಂಬಿಕೊಂಡವು. ಆ ನಿಲುವು ಶೈಲಶ್ರೀಗೆ ಗೊತ್ತಿತ್ತು. ಅದರಲ್ಲೇ ಅವಳು ಬೆಳೆದದ್ದು.

“ಯಾಕ ಹಂಗ ಹೇಳ್ತಿ ಕೂಸಿಗೆ?” ವೀರವ್ವ ಮೆಟ್ಟಿಲಿಳಿದು ಬಂದಳು. “ಡಾಕ್ಟ್ರು ಏನ ಹೇಳ್ಯಾರ, ನೀ ಏನ ಮಾಡಾಕತ್ತಿ?”

“ನೀವು ನನಗ ಹೇಳೂವಂಗ ಹೇಳಿದೆನ್ರಿ.”

“ನಿಂದ ಬ್ಯಾರೆ, ಆಕಿದ ಬ್ಯಾರೆ.”

“ಹೆಂಗ ಬ್ಯಾರೆ ಅತ್ತಿ? ಮಗಳು ಅರ್ಧಾ ನೀರ ಚೆಲ್ಲಿದ್ರ ಶಾಣ್ಯಾಕಿ. ನಾ ಒಂದ ರೊಟ್ಟಿ ಸುಟ್ಟರ ನನ್ನ ತವರಮನಿ ತನಕ ಹೋಗ್ತೀರಿ. ದಿನಾ ನೋಡ್ತೇನಿ. ನೋಡಿ ನೋಡಿ ನನ್ನ ಹೊಟ್ಟ್ಯಾಗ ಹುಟ್ಟಿದ ಕೂಸಿನ ಮ್ಯಾಲೆ ನನಗ ಕಿಚ್ಚ ಬರಾಕತ್ತೈತಿ.”

ಅಷ್ಟರಲ್ಲಿ ಅಂಕಿತಾ ಹಿತ್ತಲಿಂದ ಹಗ್ಗ ಎಳೆಯುತ್ತ ಬಂದು ಇಬ್ಬರ ನಡುವೆ ನಿಂತಳು.

“ಅವ್ವ, ಇದೊಂದ ನೆನಪಿತ್ತು. ಉಳದದ್ದು ಮತ್ತ ಹೇಳ್ತೀ?”

ಶೈಲಶ್ರೀ ಹಗ್ಗ ತೆಗೆದುಕೊಂಡಳು. ಮಗಳ ಕಣ್ಣಿಗೆ ಕಣ್ಣು ಕೊಡಲಾಗಲಿಲ್ಲ.

ಮುಂದಿನ ಕೆಲವು ದಿನ ಅತ್ತೆ ಸೊಸೆಯರ ನಡುವೆ ಮಾತು ಬೇಕಾದಷ್ಟೇ ಇತ್ತು. ಹಾನಗಲ್ಲಿಗೆ ಮತ್ತೆ ಹೋಗುವ ದಿನ ಬಂತು. ಡಾಕ್ಟರು ಅಂಕಿತಾಳನ್ನು ನೋಡಿ ಮೆಚ್ಚಿ, ಇದು ಎಷ್ಟೋ ಸಲ ಮನೆತನದಲ್ಲಿ ಇಳಿದು ಬರುತ್ತದೆ ಎನ್ನುತ್ತ, “ಮನ್ಯಾಗ ಮತ್ಯಾರಿಗರ ಹಿಂಗ ಇತ್ತೇನ್ರಿ?” ಎಂದರು.

“ಇಲ್ಲರಿ,” ವೀರವ್ವ ಅಂದಳು. “ನನ್ನ ಮಗಾ ಅಂತೂ ಕುಂದರಿಸಿದಲ್ಲೇ ಕುಂದರತಿದ್ದ.”

“ನನಗೈತ್ರಿ,” ಎಂದಳು ಶೈಲಶ್ರೀ.

ಡಾಕ್ಟರು ಅವಳತ್ತ ತಿರುಗಿದರು. ಶೈಲಶ್ರೀ ತನ್ನ ಶಾಲೆಯ ದಿನಗಳಿಂದ ಎಲ್ಲ ಹೇಳಿದಳು, ತುಂಡುತುಂಡಾಗಿ, ಹಿಂದುಮುಂದಾಗಿ. ಆಮೇಲೆ ಡಾಕ್ಟರು ವೀರವ್ವನನ್ನು ಕೇಳಿದರು. “ನೀವು ದಿನಾ ನೋಡಾವ್ರು. ಮನ್ಯಾಗ ಹೆಂಗ ಇರ್ತಾರ್ರಿ ಇವರು?”

ಸೊಸೆಯ ತಪ್ಪು ಹೇಳಲು ವೀರವ್ವ ಎಂದೂ ತಡವರಿಸಿದವಳಲ್ಲ. “ಏನ ಹೇಳ್ಲಿರಿ. ಹಾಲ ಇಟ್ಟು ಮರೀತಾಳ. ಕಸಬರಗಿ ಹಿಡಕೊಂಡ ಅಂಗಳಕ್ಕ ಹೋದ್ರ ಅರ್ಧಾ ಕಸಾ ಹೊಡದು ಹೂವಿನ ಗಿಡಕ್ಕ ನೀರ ಹಾಕ್ಕೋತ ನಿಂದ್ರತಾಳ. ಕೀಲಿ ಎಲ್ಲಿಟ್ಟೆ ಅಂದ್ರ ಗೊತ್ತಿಲ್ಲ. ನಾಕ ಮಾತ ಹೇಳಿದ್ರ ಒಂದ…”

“ಒಂದ?” ಎಂದರು ಡಾಕ್ಟರು.

ವೀರವ್ವನ ಧ್ವನಿ ಇಳಿಯಿತು. “ಒಂದ ನೆನಪಿರತೈತ್ರಿ.” ಮೊಮ್ಮಗಳು ನೆಲದ ಮೇಲೆ ಕೂತು ಚಪ್ಪಲಿಯ ಪಟ್ಟಿ ಬಿಚ್ಚಿ ಹಾಕಿ ಮಾಡುತ್ತಿದ್ದಳು. ವೀರವ್ವ ಅವಳನ್ನೇ ನೋಡಿದಳು. “ಬೇಕಂತ ಮಾಡ್ತಾಳ ಅಂತ ತಿಳದಿದ್ನಿರಿ ನಾ. ಸೊಕ್ಕು ಅಂತ.”

ಇಂದೇ ಏನನ್ನೂ ಖಾತ್ರಿಯಾಗಿ ಹೇಳಲಾಗದು, ದೊಡ್ಡವರಲ್ಲಿ ಇದನ್ನು ಗುರುತಿಸಲು ಬಾಲ್ಯದ ವಿವರವೂ ಬೇಕು, ಬೇರೆ ಕಾರಣಗಳನ್ನೂ ನೋಡಬೇಕು ಎಂದರು ಡಾಕ್ಟರು. ಮುಂದಿನ ಸಲ ಶೈಲಶ್ರೀ ತನ್ನ ಹೆಸರಿನಲ್ಲೇ ತೋರಿಸಿದಳು. ತವರಿನಿಂದ ಅವ್ವ ಬಂದು ಹಳೆಯ ದಿನಗಳನ್ನೆಲ್ಲ ಹೇಳಿದಳು. ಶೈಲಶ್ರೀಯದೂ ಎಡಿಎಚ್‌ಡಿಯೇ ಎಂದು ತೀರ್ಮಾನವಾಯಿತು. ಗುಳಿಗೆ ಶುರುಮಾಡುವ ಮೊದಲು ರಕ್ತದೊತ್ತಡ ನೋಡಿದರು, ರೂಢಿಗಳನ್ನು ಹೇಳಿಕೊಟ್ಟರು. ಹೊರಗೆ ಬಂದಾಗ ಭಾರ ಇಳಿಯುತ್ತದೆಂದು ಶೈಲಶ್ರೀ ಎಣಿಸಿದ್ದಳು. ಇಳಿದದ್ದು ಸ್ವಲ್ಪ. ಮಗಳಿಗೆ ಇದು ನಾಲ್ಕನೆಯ ಇಯತ್ತೆಯಲ್ಲೇ ಸಿಕ್ಕಿತಲ್ಲ ಎಂಬ ಕಿಚ್ಚು ಅಲ್ಲೇ ಕೂತಿತ್ತು.

ಮರುದಿನ ಸಂಜೆ ಹೊಲದಲ್ಲಿ ವೀರವ್ವ ಒಂದು ಸಾಲಿನ ಮೊದಲಿಗೆ ಕೋಲು ನೆಟ್ಟಳು. ಸ್ವಲ್ಪ ದೂರ ನಡೆದು ಇನ್ನೊಂದು ಕೋಲು ನೆಟ್ಟಳು. ಟೊಪ್ಪಿಗೆಯ ಡಬ್ಬಿಯನ್ನು ಸೊಸೆಯ ಕೈಗಿಟ್ಟಳು.

“ಇಲ್ಲಿಂದ ಅಲ್ಲಿ ತನಕ. ಒಂದ ಗಿಡಾ ಮುಗಿಸಿದ ಮ್ಯಾಲೆ ಇನ್ನೊಂದು. ಆದ ಮ್ಯಾಲೆ ನನ್ನ ಕರಿ.”

“ಸೊಸೀಗೂ ಕನ್ನಡ ಸಾಲಿ ಚಾಲೂ ಮಾಡಿರೇನ್ ಅವ್ವಾರ?” ಎಂದಳು ಗೌಸಬಿ.

“ನಿನ್ನ ಸಾಲ ನೀ ನೋಡ್ಕೋ.”

ಶೈಲಶ್ರೀ ಗಿಡದ ಬುಡದಿಂದ ತುದಿಗೆ ಹೋದಳು. ಕಣ್ಣು ಜಿಗಿದಾಗಲೆಲ್ಲ ಕೊನೆಯದಾಗಿ ತೊಡಿಸಿದ ಕೆಂಪು ಟೊಪ್ಪಿಗೆಯನ್ನು ಬೆರಳಿನಿಂದ ಮುಟ್ಟಿ, ಅಲ್ಲಿಂದಲೇ ಮತ್ತೆ ಹಿಡಿದಳು. ಜಿಗಿಯುವುದು ನಿಲ್ಲಲಿಲ್ಲ, ವಾಪಸು ಬರುವ ದಾರಿ ಮಾತ್ರ ಸಿಕ್ಕಿತು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ವೀರವ್ವ ಆ ಸಾಲಿಗೆ ಬಂದಳು. ಹಿಂದೆ ಶೈಲಶ್ರೀ. ಗಿಡದ ಮೇಲೆ ಗಿಡ ದಾಟಿದರು. ಎರಡನೆಯ ಕೋಲಿನ ಹತ್ತಿರ, ಎಲೆಯ ಮರೆಯಲ್ಲಿ, ಟೊಪ್ಪಿಗೆಯಿಲ್ಲದ ಒಂದು ಹೂ ತೆಳು ಹಳದಿಯಾಗಿ ಅರಳಿತ್ತು. ಡಬ್ಬಿ ವಾಪಸು ಕೊಡಲು ಶೈಲಶ್ರೀಯ ಕೈ ತಾನಾಗಿ ಮುಂದೆ ಬಂತು.

ವೀರವ್ವ ಬಗ್ಗಿ ಹೂವನ್ನು ಚಿವುಟಿ ಬದುವಿನಾಚೆ ಎಸೆದಳು.

“ಇಷ್ಟ ಗೌಸಬಿ ಸಾಲಿನ್ಯಾಗೂ ಇರತಾವ.”

“ನನ್ನ ಹೆಸರ ಯಾಕ ತರ್ತೀರಿ ಅವ್ವಾರ, ನಾ ಏನ ಮಾಡೇನಿ,” ಆಗಷ್ಟೇ ಹೊಲಕ್ಕೆ ಬಂದ ಗೌಸಬಿ ಆಚೆಯಿಂದ ಅಂದಳು.

ವೀರವ್ವ ಎರಡನೆಯ ಕೋಲನ್ನು ಕಿತ್ತು, ಮುಂದೆ ನಡೆದು, ಕಲ್ಲಿನಿಂದ ಬಡಿದು ನೆಟ್ಟಳು.

“ಸಂಜೀಕ ಇಲ್ಲಿ ತನಕ,” ಎಂದಳು.

ಇಷ್ಟು ವರ್ಷ ತಡವಾಗಿ ಬಂದ ಮಾತಿಗೆ ಹಿಗ್ಗಬೇಕೋ ಸಿಟ್ಟಾಗಬೇಕೋ ಶೈಲಶ್ರೀಗೆ ತಿಳಿಯಲಿಲ್ಲ. ಎರಡನ್ನೂ ಆಮೇಲೆ ನೋಡಿಕೊಂಡರಾಯಿತೆಂದು ಗಂಡು ಗಿಡದ ಹೂಗಳಿದ್ದ ಬುಟ್ಟಿಯನ್ನು ಎಳೆದುಕೊಂಡು, ತನ್ನ ಸಾಲಿನ ಮೊದಲ ಗಿಡದ ಮುಂದೆ ಬಗ್ಗಿದಳು.