ತಿರುಗಿ ನೋಡದ ಹನ್ನೆರಡು ಮೈಲಿ

ದೆವ್ವ, ಗಾಳಿ, ಶಕುನಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಇರಲಿಲ್ಲ ಎನ್ನುವುದಕ್ಕಿಂತ, ಇಲ್ಲವೆಂದು ಊರೆಲ್ಲ ಹೇಳಿಕೊಂಡು ತಿರುಗುವ ಚಟವಿತ್ತು. ಸರ್ಕಾರಿ ಮದರಸಾದಲ್ಲಿ, ಅಂದರೆ ಆಗಿನ ಸರ್ಕಾರಿ ಶಾಲೆಯಲ್ಲಿ, ಲೆಕ್ಕ ಕಲಿಸುವ ಮಾಸ್ತರ ನಾನು. ಯಾರಾದರೂ ಹುಣಸೆಮರದ ಮಾತು ತೆಗೆದರೆ, ಸಾಕ್ಷಿ ಯಾರು, ಹೊತ್ತೆಷ್ಟು, ಎಷ್ಟು ಮಾರು ದೂರ ಎಂದು ಪಾಟೀಸವಾಲು ಹಾಕಿ, ಪಾಪ, ಅವರ ದೆವ್ವವನ್ನು ಅವರ ಕಣ್ಣೆದುರೇ ಓಡಿಸಿಬಿಡುತ್ತಿದ್ದೆ. ಈಗ ನಾನೇ ಒಂದು ಸಂಗತಿ ಹೇಳಲು ಕೂತಿದ್ದೇನೆ. ಓದುವವರು ನನಗೂ ಅದೇ ಮರ್ಯಾದೆ ಮಾಡಿದರೆ ಬೇಸರವಿಲ್ಲ. ಇಂಥದ್ದು ಅಮಾವಾಸ್ಯೆಯ ರಾತ್ರಿ ನಡೆಯಬೇಕೆಂಬ ಸಂಪ್ರದಾಯವಿದೆ. ನನ್ನದು ಆ ಶಿಸ್ತನ್ನೂ ಪಾಲಿಸಲಿಲ್ಲ; ಬಿಳಿ ಬಿಸಿಲಿನಲ್ಲಿ, ಸರ್ಕಾರಿ ಸಡಕಿನ ಮೇಲೆ ನಡೆಯಿತು.

ನಿಜಾಮರ ಆಳಿಕೆಯ ದಿನಗಳು. ಕಲಬುರಗಿಯ ಗಂಜ್ ಪೇಟೆಯ ಹತ್ತಿರ ಖಾದರ್ ಎಂಬ ನನ್ನ ಗೆಳೆಯ ಗಡಿಯಾರ ರಿಪೇರಿ ಮಾಡುತ್ತಿದ್ದ. ಮುಂದೆ ಅಂಗಡಿ, ಹಿಂದೆ ಮನೆ. ಮನೆಯಲ್ಲಿ ಅವನೂ ಅವನ ತಾಯಿಯೂ ಇಬ್ಬರೇ. ಊರಲ್ಲಿ ಆಗ ಗಡಿಯಾರ ಕಡಿಮೆ, ಸೈಕಲ್ಲು ಇನ್ನೂ ಕಡಿಮೆ. ಅವನದೊಂದು, ನನ್ನದೊಂದು ಇತ್ತು. ಎರಡೂ ಯಾರೋ ಉಪಯೋಗಿಸಿ ಬಿಟ್ಟಂಥವು, ಬ್ರೇಕುಗಳು ದೇವರ ಮೇಲೆ ಭಾರ ಹಾಕಿ ಕೂತಿದ್ದವು. ಅಂಗಡಿಯ ಗೋಡೆಗೆ ಸ್ವಿಟ್ಜರ್ಲೆಂಡಿನ ಗಡಿಯಾರದವರ ಕ್ಯಾಲೆಂಡರ್ ಒಂದು ತೂಗುತ್ತಿತ್ತು. ಎರಡೂ ಕಡೆ ಹಿಮದ ಪರ್ವತ, ನಡುವೆ ಹಸಿರು ನದಿ, ದಂಡೆಗುಂಟ ಸೈಕಲ್ಲಿನ ಮೇಲೆ ಇಬ್ಬರು ಸಾಹೇಬರು. ವರ್ಷ ಮುಗಿದರೂ ಖಾದರ್ ಅದನ್ನು ಇಳಿಸಲಿಲ್ಲ.

"ಮಾಸ್ತರ್, ಇವ್ರ ಕಾಲಾಗೇನು ಸ್ಪ್ರಿಂಗ್ ಅದಾವೇನು? ನಾವೂ ಹೋಗೂಣು ನಡಿ," ಎನ್ನುತ್ತಿದ್ದ.

"ಆಲ್ಪ್ಸ್ ಗುಡ್ಡ ಎಲ್ಲಿಂದ ತರ್ತೀಯೋ ಮಾರಾಯ?"

"ಕಮಲಾಪುರ ದಾಟಿದ್ರ ಘಾಟ್ ಇಳೀತದಲ್ಲ, ಕೆಳಗ ಹಳ್ಳ ಹರೀತದಲ್ಲ. ಹಿಮ ಒಂದ ಕಡಿಮಿ. ಕಣ್ಣು ಮುಚ್ಚಿ ನೋಡು, ಅದೂ ಕಾಣ್ತದ."

ಹೀಗೆ, ಆ ಹಳ್ಳದ ಕಣಿವೆಯುದ್ದಕ್ಕೂ ಸೈಕಲ್ ಯಾತ್ರೆ ಮಾಡುವ ಠರಾವು ಇಬ್ಬರು ಸದಸ್ಯರ ಸಭೆಯಲ್ಲಿ ಅವಿರೋಧವಾಗಿ ಪಾಸಾಯಿತು. ಶುಕ್ರವಾರ ನನಗೆ ಮದರಸಾ ರಜೆ, ಅವನಿಗೆ ಅಂಗಡಿ ಬಂದ್. ಸುತ್ತಲಿನ ಸಣ್ಣ ಊರುಗಳಿಗೆ ಹೋಗಿ ಬಂದು ಕಾಲು ಪಳಗಿಸಿಕೊಂಡೆವು. ಸಡಕಿನ ತುಂಬ ಕಂಕರು ಕಲ್ಲು. ಬಂಡಿಗಳ ಗಾಲಿ ಕೊರೆದ ಹಳಿಯೊಳಗೇ ಒಬ್ಬರ ಹಿಂದೊಬ್ಬರು ಹೋಗಬೇಕು. ಮುಂದಿನವನು ಕುತ್ತಿಗೆ ತಿರುಗಿಸಿದರೆ ಹ್ಯಾಂಡಲ್ಲೂ ತಿರುಗುತ್ತದೆ. ನಾನು ಮೂರು ಸಲ ಶಾಸ್ತ್ರೋಕ್ತವಾಗಿ ಬಿದ್ದ ಮೇಲೆ ಒಂದು ಕಾಯಿದೆ ಮಾಡಿಕೊಂಡೆವು: ಮುಂದಿನವನು ತಿರುಗಿ ನೋಡಕೂಡದು, ಹಿಂದಿನವನು ಒಂದು ಸಲ ಬೆಲ್ ಬಾರಿಸಿದರೆ 'ಇದ್ದೇನೆ' ಎಂದು ಅರ್ಥ, ಎರಡು ಸಲ ಬಾರಿಸಿದರೆ 'ನಿಲ್ಲು'. ಯಾವಾಗಲೂ ನಾನೇ ಮುಂದೆ. ಖಾದರ್ ತನ್ನ ಸೈಕಲ್ಲಿಗೆ ಒಂದು ಹಳೆಯ ಅಲಾರಂ ಗಡಿಯಾರದ ಬೆಲ್ ಬಿಗಿದಿದ್ದ. ಸೀಳಿದ ಹಿತ್ತಾಳೆಯ ದನಿ; ಹೈದರಾಬಾದಿನ ತನಕ ಹುಡುಕಿದರೂ ಅಂಥ ಇನ್ನೊಂದು ಸಿಗುತ್ತಿರಲಿಲ್ಲ. ಬೋರೆಹಣ್ಣು ಕಂಡರೂ ಎರಡು ಸಲ, ಬೀಡಿ ನೆನಪಾದರೂ ಎರಡು ಸಲ ಬಾರಿಸುತ್ತಿದ್ದ.

ಕಣಿವೆಗೆ ಹೊರಡುವ ಶುಕ್ರವಾರ ಬೆಳಗಿನ ಜಾವಕ್ಕೆ ಊರ ನಡುವಿನ ಜಗತ್ ಚೌಕದ ಹತ್ತಿರ ಕೂಡುವುದೆಂದು ಮಾತಾಗಿತ್ತು. ನಾನು ಬಂದೆ, ಅವನು ಬರಲಿಲ್ಲ. ಗಡಿಯಾರ ರಿಪೇರಿ ಮಾಡುವವನು ಒಮ್ಮೆಯೂ ಹೊತ್ತಿಗೆ ಸರಿಯಾಗಿ ಬಂದದ್ದಿಲ್ಲ ಎಂಬ ಸಿಟ್ಟು ನನಗೆ ಮೊದಲಿನಿಂದಲೂ ಇತ್ತು. ಕಾಲು ಗಂಟೆ ಕಾದೆ. ಅವನ ಮನೆ ಅಲ್ಲಿಂದ ಹತ್ತು ನಿಮಿಷದ ಹಾದಿ. ಹೋಗಿ ಕರೆಯಬಹುದಿತ್ತು. ಮಾಸ್ತರನಾದವನು ಹೋಗಿ ಬಾಗಿಲು ಬಡಿಯುವುದೇನು ಎಂದು ಒಬ್ಬನೇ ಹೊರಟುಬಿಟ್ಟೆ.

ಮಹಾಗಾಂವ ದಾಟಿ ಸ್ವಲ್ಪ ಹೋದ ಮೇಲೆ, ಹಿಂದೆ ಬೆಲ್ ಕೇಳಿತು. ಎರಡು ಸಲ. ಅದೇ ಸೀಳು ದನಿ.

ನನಗೆ ಆದದ್ದು ಭಯವಲ್ಲ, ಖುಷಿ. ಆ ಖುಷಿಯನ್ನು ತೋರಿಸಬಾರದೆಂಬ ಹಟ. ತಡಮಾಡಿ ಎದ್ದು, ಉಸಿರು ಬಿಗಿಹಿಡಿದು ಬೆನ್ನುಹತ್ತಿ ಬಂದಿದ್ದಾನೆ, ಇನ್ನೊಂದಿಷ್ಟು ಬೆವರಲಿ ಎಂದುಕೊಂಡೆ. ಮತ್ತೆ ಎರಡು ಸಲ ಬಾರಿಸಿತು. ನಾನು ಕುತ್ತಿಗೆ ಬಿಗಿದು, ಕಾಯಿದೆಯಂತೆ ಮುಂದೆ ನೋಡುತ್ತಲೇ ಪೆಡಲ್ ತುಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಎರಡು. ಕಮಲಾಪುರದ ತನಕ ಹೀಗೇ ಬಂತು. ಹತ್ತಿರವೂ ಆಗಲಿಲ್ಲ, ದೂರವೂ ಆಗಲಿಲ್ಲ.

ಕಮಲಾಪುರದಲ್ಲಿ ಸೈಕಲ್ ನಿಲ್ಲಿಸಿ, ಬೇಕೆಂದೇ ಸಡಕಿಗೆ ಬೆನ್ನು ಮಾಡಿ, ಕೆಂಪು ಬಾಳೆಹಣ್ಣು ಮಾರುವ ಮುದುಕಿಯ ಬುಟ್ಟಿಯ ಮುಂದೆ ಕೂತೆ. ನಾಲ್ಕು ಹಣ್ಣು ಕೊಂಡೆ; ಎರಡು ನನಗೆ, ಎರಡು ಖಾದರನಿಗೆ. ನನ್ನವೆರಡು ಮುಗಿದರೂ ಅವನು ಬರಲಿಲ್ಲ.

"ಯಾಕ್ರೀ, ಜೊತಿಗಾರನ್ನ ಬಿಸಿಲಾಗ ನಿಂದ್ರಿಸೀರಿ?" ಎಂದಳು ಮುದುಕಿ. "ಆಗಿನಿಂದ ಗಂಟಿ ಬಾರ್ಸಾಕತ್ತಾನ ನೋಡ್ರಿ ಆ ಬೇವಿನ ಗಿಡದ ಅತ್ತಾಗ. ಜಗಳಾಡೀರೇನು?"

ತಿರುಗಿ ನೋಡಿದೆ. ಬೇವಿನ ಮರವಿತ್ತು, ನೆರಳಲ್ಲಿ ಒಂದು ಎತ್ತು ಮಲಗಿತ್ತು. ಮರದ ಹಿಂದೆ ಅಡಗಿದ್ದಾನೆ, ಇದೂ ಅವನದೊಂದು ನಾಟಕ ಎಂದು ತೀರ್ಮಾನಿಸಿದೆ. "ಸಂಜೀತನಕ ಬಾರಿಸ್ಲಿ ಬಿಡವ್ವ," ಎಂದೆ.

"ಹಂಗನ್ನಬ್ಯಾಡ್ರೀ. ಕರೆಯೋರು ಇದ್ದಾಗ 'ಓ' ಅನಬೇಕು."

ನಾನು ಅನ್ನಲಿಲ್ಲ. ಘಾಟ್ ಇಳಿದೆ. ಕಣಿವೆ ಖಾದರ್ ಹೇಳಿದಂತೆಯೇ ಇತ್ತು. ಎರಡೂ ಕಡೆ ಗುಡ್ಡ, ಮಳೆಗಾಲ ಆಗಷ್ಟೇ ಮುಗಿದಿದ್ದರಿಂದ ಮೈತುಂಬಿದ ಹಳ್ಳ. ದಂಡೆಯ ಹಾದಿಯಲ್ಲಿ ಬೆಲ್ ಮತ್ತೆ ಹಿಂದೆ ಬಂತು. ಈಗ ಬಿಡುವಿಲ್ಲದೆ ಎರಡು, ಎರಡು, ಎರಡು. ಒಂದು ತಿರುವಿನಲ್ಲಿ ಒಂದೇ ಸಲ ಬಾರಿಸಿ ನಿಂತುಹೋಯಿತು.

ಆಗ ಇಳಿದು ನೋಡಿದೆ. ಹಾದಿ ಖಾಲಿ. ಹಸಿ ಮಣ್ಣಿನಲ್ಲಿ ನನ್ನ ಸೈಕಲ್ಲಿನ ಗೆರೆ ಬಿಟ್ಟರೆ ಇನ್ನೊಂದು ಗೆರೆ ಇರಲಿಲ್ಲ.

ಓದುಗರೇ, ಬುದ್ಧಿ ಇದ್ದವನು ಅಲ್ಲಿಂದಲೇ ಮರಳುತ್ತಿದ್ದ. ನಾನು ಇದಕ್ಕೂ ಒಂದು ಕಾರಣ ಹುಡುಕಿದೆ. ಯಾವುದೋ ಹಕ್ಕಿಯ ಕೂಗಿರಬೇಕು, ಗುಡ್ಡದಲ್ಲಿ ಪ್ರತಿಧ್ವನಿಯಾಗಿದೆ ಎಂದು ಸಮಾಧಾನ ಹೇಳಿಕೊಂಡು, ಬಾರದವನಿಗೆ ಶಿಕ್ಷೆಯೆಂದು ಅವನ ಪಾಲಿನ ಎರಡು ಹಣ್ಣನ್ನೂ ತಿಂದು, ಒಂದು ಮರದ ಕೆಳಗೆ ಮಲಗಿದೆ. ನಿದ್ದೆ ಚೆನ್ನಾಗಿಯೇ ಬಂತು. ಇದನ್ನು ಬರೆಯಲು ನನ್ನ ಕೈಗೆ ಇಷ್ಟು ವರ್ಷ ಬೇಕಾಯಿತು.

ಮರಳಿ ಕಲಬುರಗಿ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಅಚ್ಚ ಉರ್ದುವಿನಲ್ಲಿ ಒಂದು ಛೀಮಾರಿಯನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡು, ನೇರ ಅವನ ಮನೆಗೆ ಹೋದೆ. ಅಂಗಳ ಒದ್ದೆಯಾಗಿತ್ತು. ಬಾಗಿಲಲ್ಲಿ ಹೆಂಗಸರ ಚಪ್ಪಲಿಗಳು. ಗೋಡೆಗೆ ಒರಗಿಸಿದ ಅವನ ಸೈಕಲ್ಲು ಇತ್ತು, ಅವನಿರಲಿಲ್ಲ.

ಹಿಂದಿನ ರಾತ್ರಿಯಿಂದ ವಾಂತಿಭೇದಿ. ಬೆಳಗಾಗುವಷ್ಟರಲ್ಲಿ ನಾಡಿ ಸಿಗದಾಗಿತ್ತು. ನನಗೆ ತಿಳಿಸಲು ಪಕ್ಕದ ಮನೆಯವರು ಜಗತ್ ತನಕ ಓಡಿ ಬಂದರಂತೆ; ನಾನು ಆಗಷ್ಟೇ ಹೊರಟುಹೋಗಿದ್ದೆ. ಬಿಸಿಲೇರಿದ ಮೇಲೆ ಹೋದ. ಶುಕ್ರವಾರದ ಸಾವು ಪುಣ್ಯದ ಸಾವು ಎಂದು, ಮಧ್ಯಾಹ್ನದ ನಮಾಜಿಗೆ ಕೂಡಿದ ಮಂದಿಯೆಲ್ಲ ಹಿಂದೆ ನಡೆದರು. ಗೋರಿಗೆ ಇಳಿಸಿದ ಮೇಲೆ ಒಬ್ಬೊಬ್ಬರೂ ಮೂರು ಮುಷ್ಟಿ ಮಣ್ಣು ಕೊಡಬೇಕು. ನಮ್ಮ ಜಾತಿಯಲ್ಲೂ ಸತ್ತವರನ್ನು ಹೂಳುವುದೇ ಪದ್ಧತಿ; ಆ ಮಣ್ಣಿಗೆ ಏನು ಅರ್ಥವೆಂದು ನನಗೆ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ.

"ಮಾಸ್ತರ್ ಬರ್ತಾರ, ಇನ್ನೊಂದೀಟು ತಡೀರಿ ಅಂತ ಹೇಳಿ ಕಳಿಸ್ದೆ ಬೇಟಾ," ಎಂದಳು ಅವನ ತಾಯಿ. "ತಡೆದ್ರು. ಎಷ್ಟಂತ ತಡೀತಾರ?"

ಆಮೇಲೆ ಆಕೆ ತನ್ನ ಬಲಗೈ ಹೆಬ್ಬೆರಳನ್ನು ಎತ್ತಿ ತೋರಿಸಿದಳು. "ಮುಂಜಾನಿಯಿಂದ ಅವನ ಈ ಬೆರಳು ಸುಮ್ಮನ ಇರಲಿಲ್ಲ. ಮಂಚದ ಪಟ್ಟಿ ಹಿಡದು, ಹಿಂಗ, ಎರಡು ಸಲ. ಮತ್ತ ಎರಡು ಸಲ. ಏನು ಬೇಕೋ ಅಂದೆ. 'ಮಾಸ್ತರ್ ನಿಂದ್ರವಲ್ಲ ಅಮ್ಮಾ' ಅಂದ."

ಲೆಕ್ಕದ ಮಾಸ್ತರನ ಬುದ್ಧಿ ಎಲ್ಲಿಗೆ ಹೋದೀತು? ಬೆರಳು ನಿಂತಾಗ ಹೊತ್ತೆಷ್ಟಾಗಿತ್ತು ಎಂದು ಕೇಳಿಬಿಟ್ಟೆ. ಆಕೆ ಗೋಡೆಯ ಕಡೆ ಕೈ ಮಾಡಿದಳು. ರಿಪೇರಿಗೆ ಬಂದ ಗಡಿಯಾರಗಳು ಹತ್ತೋ ಹನ್ನೊಂದೋ ಇದ್ದವು, ಒಂದೊಂದರಲ್ಲೂ ಒಂದೊಂದು ಹೊತ್ತು. "ಯಾವ್ದು ಖರೇ ಅಂತ ಅವನೊಬ್ಬಗೇ ಗೊತ್ತಿತ್ತು," ಎಂದಳು.

ಕೆಲವು ದಿನ ಬಿಟ್ಟು ಕಮಲಾಪುರಕ್ಕೆ ಹೋಗಿ ಮುದುಕಿಯನ್ನೂ ವಿಚಾರಿಸಿದೆ. ಗಂಟೆ ಕೇಳಿದ್ದು ನಿಜ, ಯಾರೆಂದು ನೋಡಲಿಲ್ಲ, ಎಂದಳು. ಸಾಯುತ್ತಿದ್ದ ಮನುಷ್ಯ ತನ್ನ ಗೆಳೆಯನನ್ನು ನೆನೆಸಿ ಬೆರಳಾಡಿಸಿದ, ಇದನ್ನು ನಾನು ಒಪ್ಪುತ್ತೇನೆ. ಕಣಿವೆಯಲ್ಲಿ ಹಕ್ಕಿ ಕೂಗಿತು, ಅದನ್ನೂ ಒಪ್ಪುತ್ತೇನೆ. ಎರಡನ್ನೂ ಕೂಡಿಸಲು ಮಾತ್ರ ಈ ಮಾಸ್ತರನಿಗೆ ಬರುವುದಿಲ್ಲ. ಮೊದಲ ಸಲ ಬಾರಿಸಿದಾಗಲೇ ಊರ ಕಡೆ ತಿರುಗಿದ್ದರೆ ಅವನ ಮುಖ ಸಿಗುತ್ತಿತ್ತು. ಕಮಲಾಪುರದಿಂದ ತಿರುಗಿದ್ದರೂ ಮೂರು ಮುಷ್ಟಿ ಮಣ್ಣು ಸಿಗುತ್ತಿತ್ತು. ದೆವ್ವ ಇಲ್ಲವೆಂದೇ ಈಗಲೂ ನನ್ನ ಹೇಳಿಕೆ. ಹಿಂದೆ ಯಾರೂ ಇರಲಿಲ್ಲವೆಂದೇ ಇಟ್ಟುಕೊಳ್ಳೋಣ. ಹಾಗಾದರೆ ಮಹಾಗಾಂವದಿಂದ ಕಣಿವೆಯ ತಿರುವಿನ ತನಕ ಆ ಹನ್ನೆರಡು ಮೈಲಿ ನಾನು ಕುತ್ತಿಗೆ ಬಿಗಿದುಕೊಂಡು ಹೋದದ್ದು ಯಾರ ಮೇಲಿನ ಸಿಟ್ಟಿಗೆ, ನನಗೆ ತಿಳಿಯದು.