ಕೆಳಗಿಟ್ಟ ಕೊಡಲಿಗಳು

ನಾನು ಚಿಕ್ಕವನಿದ್ದಾಗ ನಮ್ಮನ್ನು ಬ್ರಿಟಿಷರು ರಕ್ಷಿಸುತ್ತಿದ್ದರು. ನಗಬೇಡಿ, ಹಾಗೆಂದು ಒಪ್ಪಂದದ ಕಾಗದದಲ್ಲೇ ಬರೆದುಕೊಟ್ಟಿದ್ದರು! ಆರು ಗುಡ್ಡಗಳ ಆರು ಬುಡಕಟ್ಟುಗಳು ಸೇರಿ ಕಟ್ಟಿಕೊಂಡ ಒಕ್ಕೂಟ ನಮ್ಮದು, ಹೆಸರು ಆರುಗುಡ್ಡ. ಫೋನಿನ ಮ್ಯಾಪಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಯಾರಿಂದ ರಕ್ಷಣೆ ಎಂದು ಕೇಳಿದ್ದರೆ ಆ ದೊರೆಗಳಿಗೂ ಉತ್ತರ ಗೊತ್ತಿರಲಿಲ್ಲವೇನೋ.

ನನಗಾಗ ಎಂಟು ವರ್ಷ. ನಮ್ಮ ಗುಡ್ಡದ ಬೀಟೆ ಮರಗಳನ್ನು ಕಡಿಸಲು ಒಬ್ಬ ಬಿಳಿಯ ಅಧಿಕಾರಿ ಸಿಪಾಯಿಗಳೊಡನೆ ಬರುತ್ತಾನೆಂದು ಸುದ್ದಿ ಬಂತು. ಮಾತನಾಡಿ ಅವನನ್ನು ಹಿಂದಕ್ಕೆ ಕಳಿಸುವ ಹೊಣೆಯನ್ನು ಆರೂ ಗುಡ್ಡದವರು ಅಪ್ಪನಿಗೆ ಒಪ್ಪಿಸಿದರು.

ನಮ್ಮಲ್ಲಿ ಮಾತುಕತೆಗೆ ಒಂದು ಕಟ್ಟಳೆಯಿತ್ತು. ಪ್ರತಿಯೊಬ್ಬ ಗಂಡಸೂ ತನ್ನ ಕೊಡಲಿಯನ್ನು, ಅಲಗು ತನ್ನ ಕಡೆಗೇ ಇರುವಂತೆ, ನೆಲದ ಮೇಲಿಟ್ಟು ಕೂರಬೇಕು. ಮಾತು ಮುಗಿಯುವವರೆಗೆ ಅದನ್ನು ಒಡೆಯನೂ ಮುಟ್ಟುವಂತಿಲ್ಲ. ಬೇರೆಯವನು ಮುಟ್ಟಿದರೆ ಯುದ್ಧಕ್ಕೆ ಕರೆದಂತೆ.

ಅಧಿಕಾರಿ ಬಂದ ದಿನ, ಬೆಳಿಗ್ಗೆ ತಿಂದ ಸುಟ್ಟ ಗೆಣಸಿನ ವಾಸನೆ ಇನ್ನೂ ನನ್ನ ಕೈಯಲ್ಲಿತ್ತು. ಬಯಲಿನಲ್ಲಿ ಕೊಡಲಿಗಳ ಸಾಲು ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಅಪ್ಪನ ಬೆನ್ನಿಗಂಟಿಕೊಂಡು ನಾನು, ನನ್ನ ಪಕ್ಕ ಅಕ್ಕ. ಅಧಿಕಾರಿ ಆ ಸಾಲನ್ನು ನೋಡಿ ನಕ್ಕ. ಇವರು ಶರಣಾದರು ಎಂದುಕೊಂಡನೋ ಏನೋ, ಎತ್ತಿಕೊಳ್ಳಿ ಎಂದು ಸಿಪಾಯಿಗಳಿಗೆ ಕೈಸನ್ನೆ ಮಾಡಿದ. ಅವರು ಸೌದೆ ಆಯ್ದಂತೆ ಕೊಡಲಿಗಳನ್ನು ಆಯತೊಡಗಿದರು.

ನಮ್ಮವರು ಹಲ್ಲು ಕಡಿಯುತ್ತ ಎದ್ದು ನಿಂತರು. ಅಪ್ಪ ಎರಡೂ ಕೈ ಚಾಚಿ ತಡೆದ.

"ಕೂತ್ಕಳಿ! ಅವ್ರಿಗೆ ನಮ್ ಕಟ್ಟಳೆ ಗೊತ್ತಿಲ್ಲ. ನಾನು ಹೇಳ್ತೀನಿ, ಯಾರೂ ಮುಂದಕ್ಕೆ ಬರ್ಬ್ಯಾಡಿ."

ಎಲ್ಲರೂ ಕೂತರು. ನಾನೊಬ್ಬ ಕೂರಲಿಲ್ಲ.

ಒಬ್ಬ ಸಿಪಾಯಿ ಅಪ್ಪನ ಕೊಡಲಿಗೇ ಕೈ ಹಾಕಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಓಡಿಹೋಗಿ ಅದರ ಮರದ ಕಾವು ಹಿಡಿದು ಎಳೆದೆ. ಅವನು ಬಂದೂಕಿನ ಹಿಂಬದಿಯಿಂದ ನನ್ನ ಮುಖಕ್ಕೆ ಕುಟ್ಟಿದ. ಎರಡು ಹಲ್ಲು ಉದುರಿ ಬಾಯಿ ತುಂಬ ರಕ್ತ. ಅಕ್ಕ ಕಲ್ಲೆತ್ತಿ ಅವನ ಹಣೆಗೆ ಬೀಸಿದಳು. ಅಷ್ಟೇ, ಬಂದೂಕುಗಳು ಸಿಡಿದವು. ನಮ್ಮವರು ಉಳಿದ ಕೊಡಲಿಗಳನ್ನು ಎತ್ತಿಕೊಂಡು ನುಗ್ಗಿದರು. ಮದ್ದಿನ ಘಾಟಿಗೆ ಉಸಿರು ಕಟ್ಟಿತು. ಒಬ್ಬ ಸಿಪಾಯಿಯ ಕೈ ತುಂಡಾಗಿ ಹುಲ್ಲಿನ ಮೇಲೆ ಬಿದ್ದದ್ದನ್ನು ಕಂಡೆ. ನಮ್ಮ ನೆರೆಮನೆಯಾತ ಹೊಟ್ಟೆ ಹಿಡಿದುಕೊಂಡು ಕುಸಿದ. ಆಗ ಯಾರೋ ಧೊಪ್ಪನೆ ನನ್ನ ಮೇಲೆ ಬಿದ್ದರು. ಅಪ್ಪ. ನನಗೆ ತಗಲಬೇಕಿದ್ದ ಗುಂಡು ಅವನ ಬೆನ್ನು ಹೊಕ್ಕಿತ್ತು. ಬಿಸಿ ರಕ್ತ ನನ್ನ ಕುತ್ತಿಗೆಗೆ ಇಳಿಯಿತು. ಸದ್ದಡಗಿ ಅಕ್ಕ ಬಂದು ಅವನನ್ನು ಸರಿಸುವಷ್ಟರಲ್ಲಿ ಅವನ ಮೈ ತಣ್ಣಗಾಗಿತ್ತು.

ಒಪ್ಪಂದ ಮುರಿದವರು ನಾವೇ ಎಂದು ಹೇಳಿ ಅವರು ಒಕ್ಕೂಟವನ್ನೇ ಅಳಿಸಿದರು. ಬೀಟೆ ಮರಗಳನ್ನೂ ಬಿಡಲಿಲ್ಲ. ಅಪ್ಪನ ಮಾತು ಕೇಳಿದ್ದರೆ, ಎಂದು ಊರವರು ನನ್ನ ಮುಖ ನೋಡಿದಾಗಲೆಲ್ಲ ಅನ್ನುತ್ತಿದ್ದರು. ಅಕ್ಕ ಅನ್ನಲಿಲ್ಲ, ಸಾಯುವವರೆಗೂ ಆ ದಿನದ ಸುದ್ದಿಯನ್ನೇ ಎತ್ತಲಿಲ್ಲ.

ಈಗ ನಾನು ಅಮೆರಿಕದ ಹರ್ನ್‌ಡನ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗಳಿಗೆ ಎಂಟು ವರ್ಷ. ಹೆಲ್ಮೆಟ್ ಇಲ್ಲದೆ ಅವಳನ್ನು ಮನೆಯವರು ಸೈಕಲ್ ಹತ್ತಲು ಬಿಡುವುದಿಲ್ಲ, ಒಬ್ಬಳೇ ರಸ್ತೆ ದಾಟಲೂ ಬಿಡುವುದಿಲ್ಲ. ಅವಳ ಶಾಲೆಯಲ್ಲೂ ಬಂದೂಕಿನವನು ಬಂದರೆ ಹೇಗೆ ಅಡಗಬೇಕೆಂದು ಅಭ್ಯಾಸ ಮಾಡಿಸುತ್ತಾರಂತೆ! ಅದನ್ನು ಕೇಳಿ ನನಗೆ ಸಿಟ್ಟು ತಡೆಯಲಾಗಲಿಲ್ಲ. ಆ ಸಿಟ್ಟಿನಲ್ಲೇ ಈ ಕಥೆಯನ್ನೆಲ್ಲ ಅವಳಿಗೆ ಹೇಳಿಬಿಟ್ಟೆ. ನನ್ನಿಂದಲೇ ಅಪ್ಪ ಸತ್ತ ಎಂದೂ ಹೇಳಿದೆ.

ಅವಳು ಹುಬ್ಬು ಗಂಟಿಕ್ಕಿದಳು.

"ಬಟ್ ತಾತ, ನೀನು ಎಯ್ಟ್ ಇಯರ್ಸ್ ಅಷ್ಟೇ ಅಲ್ವಾ? ಯು ವರ್ ಎ ಕಿಡ್."

ಆರುಗುಡ್ಡದಲ್ಲಿ ಒಬ್ಬರಾದರೂ ನನಗೆ ಹಾಗೆ ಹೇಳಿರಲಿಲ್ಲ. ಮುದುಕನಾದ ನಾನು ಆ ಪುಟ್ಟ ಹುಡುಗಿಯ ಎದುರು ಬಿಕ್ಕಿ ಬಿಕ್ಕಿ ಅತ್ತೆ.