ನಡುವಿಗೆ ಬಂದ ಮುಳ್ಳು

ಬಾನೆಟ್ ಎತ್ತುವ ಮೊದಲು ಮೀಟರ್ ನೋಡಬೇಕು ಎಂಬುದು ಆ ಆಟೋ ಎಲೆಕ್ಟ್ರಿಷಿಯನ್ನನ ಹಟ. ಅದಕ್ಕೇ ಬೀದಿಯವರಿಗೆಲ್ಲ ಅವನು ಮೀಟರಣ್ಣ.

ಅಂದು ಬೆಳಿಗ್ಗೆ ಹೊಲಿಗೆ ಅಂಗಡಿಯ ಅಕ್ಕ ಹೇಳಿಕಳಿಸಿದ್ದಳು. ಗಂಡ ತೀರಿಕೊಂಡು ಎಂಟು ತಿಂಗಳು. ಅವನ ಹಳೇ ಕಾರನ್ನು ಈಗ ಇವಳೇ ಓಡಿಸುತ್ತಿದ್ದಳು. ಅದು ಒಂದೇ ವಾರದಲ್ಲಿ ಎರಡು ಸಲ ನಡುರಸ್ತೆಯಲ್ಲಿ ಕೈಕೊಟ್ಟಿತ್ತು. ಸಂಜೆ ಕೊಳ್ಳುವವನು ಬರುತ್ತಾನಂತೆ, ಅಷ್ಟರಲ್ಲಿ ಸ್ಟಾರ್ಟ್ ಆದರೆ ಸಾಕಂತೆ.

"ಅವರು ಜೀವದ ಹಾಗೆ ನೋಡ್ಕೊಂಡಿದ್ರು. ನನ್ನ ಕೈಗೆ ಬಂತು, ಹಾಳಾಯ್ತು," ಅಂದಳು. "ಮೀಟರ್ ಒಂದು ಸರಿಯಾಗಿದೆ ನೋಡಿ. ಎರಡು ವರ್ಷ ಬಲಕ್ಕೆ ವಾಲಿದ್ದ ಮುಳ್ಳು ಹೋದ ವಾರ ತಾನಾಗೇ ನಡುವಿಗೆ ಬಂತು."

ಮೀಟರಣ್ಣ ಕಾರಿನೊಳಗೆ ಬಗ್ಗಿ ಮೀಟರಿನ ಮುಳ್ಳನ್ನೇ ನೋಡಿದ.

ಮೊದಲು ಅಲ್ಲಿದ್ದದ್ದು ಆಮೀಟರ್. ಬ್ಯಾಟರಿಗೆ ಕರೆಂಟ್ ಬರುವುದನ್ನೂ ಹೋಗುವುದನ್ನೂ ತೋರಿಸುವಂಥದ್ದು. ಬ್ಯಾಟರಿ ತುಂಬಿದ್ದರೆ ಮುಳ್ಳು ನಡುವೆ ನೆಮ್ಮದಿಯಾಗಿ ನಿಲ್ಲುತ್ತಿತ್ತು. "ಮುಳ್ಳು ಎಲ್ಲಿದೆ?" ಎಂದು ಗಂಡ ಕೇಳುವುದು, ಪಕ್ಕದ ಸೀಟಿನಿಂದ ಇವಳು "ನಡುವೆ" ಅನ್ನುವುದು, ಅವನು "ಸರಿ" ಅನ್ನುವುದು, ಮೂವತ್ತು ವರ್ಷದ ರೂಢಿ. ತಾನೇ ನೋಡಬಹುದಿತ್ತು, ಆದರೂ ಇವಳನ್ನೇ ಕೇಳುತ್ತಿದ್ದ ಪುಣ್ಯಾತ್ಮ.

ವೈರ್ ಬಿಸಿಯಾಗುತ್ತಿದೆಯೆಂದು ಎರಡು ವರ್ಷದ ಹಿಂದೆ ಮೀಟರಣ್ಣ ಅದನ್ನು ಕಿತ್ತು ಅದೇ ಜಾಗದಲ್ಲಿ ವೋಲ್ಟ್‌ಮೀಟರ್ ಕೂರಿಸಿದ್ದ. ಆಮೇಲೆ ಇವಳು "ಬಲಕ್ಕೆ" ಅಂದಾಗಲೆಲ್ಲ ಗಂಡ "ಇರಲಿ ಬಿಡು" ಅನ್ನುತ್ತಿದ್ದ, ಯಾಕೆಂದು ಹೇಳಿರಲಿಲ್ಲ. ಇದರ ನಡುವೆ ಇರುವುದು ಹನ್ನೆರಡು ವೋಲ್ಟ್. ಇಂಜಿನ್ ಓಡುವಾಗ ಮುಳ್ಳು ಅಲ್ಲೇ ನಿಂತರೆ ಚಾರ್ಜ್ ಆಗುತ್ತಿಲ್ಲ, ಬ್ಯಾಟರಿ ಕೂಡಿಟ್ಟದ್ದನ್ನೇ ತಿನ್ನುತ್ತಿದೆ ಎಂದರ್ಥ. ಬಲಕ್ಕೆ, ಹದಿನಾಲ್ಕರ ಹತ್ತಿರ ಇದ್ದರೇ ಕ್ಷೇಮ.

ಬಾನೆಟ್ ಎತ್ತಿದ. ಬ್ಯಾಟರಿಗೆ ಚಾರ್ಜ್ ಕೊಡುವ ಡೈನಮೋದ ವೈರ್ ಕಳಚಿಕೊಂಡಿತ್ತು. ಹತ್ತು ನಿಮಿಷದ ಕೆಲಸ. ಸಿಕ್ಕಿಸಿ, ಬಾಯಿ ಮುಚ್ಚಿಕೊಂಡು ಹೋಗಿಬಿಟ್ಟರೆ ಕೇಳುವವರು ಯಾರು? ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. ನಾಚಿಕೆಯಾಯಿತು.

"ಅಕ್ಕಾ, ಇದು ನಿಮ್ಮಿಂದ ಆಗಿದ್ದಲ್ಲ. ಮೀಟರ್ ಬದಲಾಯಿಸಿದಾಗ ಸ್ಟೇರಿಂಗ್ ಹಿಡಿಯೋರಿಗೆ ಹೇಳಿದೆ, ಮುಳ್ಳು ಓದೋರಿಗೆ ಹೇಳ್ಲಿಲ್ಲ. ತಪ್ಪು ನಂದು," ಎಂದು ಎಲ್ಲವನ್ನೂ ಬಿಡಿಸಿ ಹೇಳಿದ.

ಅಕ್ಕ ಮೀಟರನ್ನೂ ಅವನನ್ನೂ ನೋಡಿದಳು. "ಹೆಸರು ಬೇರೆ ಮೀಟರಣ್ಣ," ಅಂದಳು. ಕಣ್ಣು ತುಂಬಿತ್ತು, ತುಟಿಯಲ್ಲಿ ನಗುವಿತ್ತು. ಕೊಳ್ಳುವವನಿಗೆ ಫೋನ್ ಮಾಡಿ, ಕಾರು ಮಾರುವುದಿಲ್ಲ, ಬರಬೇಡಿ ಎಂದಳು.

ಮೀಟರಣ್ಣ ವೈರ್ ಸಿಕ್ಕಿಸಿ, ಬ್ಯಾಟರಿಗೆ ಚಾರ್ಜ್ ತುಂಬಿದ ಮೇಲೆ ಅಕ್ಕ ಸ್ಟೇರಿಂಗ್ ಮುಂದೆ ಕೂತಳು. ಮೀಟರಣ್ಣನನ್ನು ಪಕ್ಕದ ಸೀಟಿನಲ್ಲಿ, ಇಷ್ಟು ವರ್ಷ ತಾನು ಕೂರುತ್ತಿದ್ದ ಕಡೆ ಕೂರಿಸಿ, ಇಂಜಿನ್ ಶುರುಮಾಡಿದಳು. ಕಣ್ಣು ರಸ್ತೆಯ ಮೇಲಿತ್ತು.

"ಮುಳ್ಳು ಎಲ್ಲಿದೆ?"

"ಬಲಕ್ಕೆ ಅಕ್ಕಾ, ಹದಿನಾಲ್ಕು."

"ಸರಿ," ಎಂದಳು, ಗಂಡ ಅನ್ನುತ್ತಿದ್ದ ಹಾಗೆಯೇ.